ಬಂಡಾಜೆ ಅರ್ಬಿಗೆ ಹೊರಟವರು ಹೆದರಬೇಕಾದ್ದು ಇಂಬಳಕ್ಕಲ್ಲ

ಪ್ರಶ್ನೆ: ನಾವು ಐದು ಜನ ಸೆಪ್ಟೆಂಬರ್ ಕೊನೆಯ ವಾರ ದುರ್ಗದಹಳ್ಳಿ ಕಡೆಯಿಂದ ಬಲ್ಲಾಳರಾಯನ ದುರ್ಗ ಹತ್ತಿ, ಬಂಡಾಜೆ ಅರ್ಬಿ ಜಲಪಾತ ನೋಡಿ ಅದೇ ದಿನ ಹಿಂತಿರುಗಬೇಕೆಂದಿದ್ದೇವೆ. ನಾನು, ನನ್ನ ತಮ್ಮ, ಅವನ ಇಬ್ಬರು ಗೆಳೆಯರು ಮತ್ತು 61 ವರ್ಷದ ಚಿಕ್ಕಪ್ಪ. ಚಿಕ್ಕಪ್ಪನಿಗೆ ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಆದರೆ ದಿನಾ 4 ಕಿ.ಮೀ. ನಡೆಯುತ್ತಾರೆ. ಮನೆಯಲ್ಲಿ ಇಂಬಳ, ಹಾವು, ಮಂಗನ ಕಾಯಿಲೆ ಅಂತ ಹೆದರಿಸುತ್ತಿದ್ದಾರೆ. ಉಪ್ಪು ಎಷ್ಟು ಒಯ್ಯಬೇಕು? ತಮ್ಮನ ಗೆಳೆಯರು ಒಳ್ಳೆಯ ಈಜುಗಾರರು, ನೀರಿಗಿಳಿಯುವ ಆಸೆ ಇದೆ. ಅನುಮತಿ ಸಿಗದಿದ್ದರೆ ಕೆಳಗಿನ ವಳಂಬ್ರ ಕಡೆಯಿಂದ ಊರಿನವರೊಬ್ಬರು ಕರೆದೊಯ್ಯುತ್ತಾರಂತೆ. ಹೋಗಬಹುದೇ? — ಓದುಗರು, ಹಾಸನ

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಇಂಬಳವಿದೆ, ಹಾವಿದೆ, ಮಂಗನ ಕಾಯಿಲೆಯಿದೆ. ಬಂಡೆ ಇಲ್ಲ, ಹೊತ್ತು ಇಲ್ಲ. ಪಶ್ಚಿಮ ಘಟ್ಟದ ಜಲಪಾತಗಳಲ್ಲಿ ಜೀವ ಹೋಗುವುದು ಬಹುಪಾಲು ಈ ಎರಡರಿಂದಲೇ. ಒದ್ದೆ ಬಂಡೆಯ ಮೇಲೆ ಇಟ್ಟ ಒಂದು ತಪ್ಪು ಹೆಜ್ಜೆ, ಅಥವಾ ತಡವಾಗಿ ಹೊರಟು ಕತ್ತಲಲ್ಲಿ ಸಿಕ್ಕಿಕೊಳ್ಳುವುದು. ಮನೆಯವರ ಆತಂಕಕ್ಕೂ ಉತ್ತರ ಕೊಡುತ್ತೇನೆ, ಆದರೆ ಮೊದಲು ಇವೆರಡನ್ನು ಮುಗಿಸೋಣ.

ಯಾವುದೇ ಜಲಪಾತಕ್ಕೆ ಹೊರಡುವಾಗ ಮೊದಲು ಕೇಳಬೇಕಾದ್ದು, ದಾರಿ ನಮ್ಮನ್ನು ಅದರ ಬುಡಕ್ಕೆ ಒಯ್ಯುತ್ತದೋ, ಪಕ್ಕಕ್ಕೋ, ತಲೆಗೋ ಎಂದು. ಸೀತಾನದಿಯ ಕೂಡ್ಲು ತೀರ್ಥದಲ್ಲಿ ನಾವು ತಲುಪುವುದು ಬುಡವನ್ನು. ಅಲ್ಲಿನ ಅಪಾಯ ಗುಂಡಿಯದು. ಕೊಡಚಾದ್ರಿಯ ಮಗ್ಗುಲಿನ ಹಿಡ್ಲುಮನೆಯಲ್ಲಿ ನೀರಿನ ಪಕ್ಕದಲ್ಲೇ ಕಲ್ಲು ಹತ್ತುತ್ತಾ ಹೋಗಬೇಕು, ಅಲ್ಲಿ ಕಾಲು ಜಾರುವುದೇ ಚಿಂತೆ. ಬಂಡಾಜೆಯಲ್ಲಿ, ನೀವು ಹೇಳಿದ ಮೇಲಿನ ದಾರಿಯಿಂದ ಹೋದರೆ, ತಲುಪುವುದು ಜಲಪಾತದ ತಲೆಗೆ. ಹುಲ್ಲುಗಾವಲಿನ ನಡುವೆ ಹರಿದು ಬಂದ ಹಳ್ಳ ಒಮ್ಮೆಲೇ ಸುಮಾರು 200 ಅಡಿ ಕೆಳಗೆ, ಬೆಳ್ತಂಗಡಿ ತಾಲ್ಲೂಕಿನ ಕಾಡಿನೊಳಗೆ ಬೀಳುತ್ತದೆ. (ಮಲೆನಾಡಿನವರ ಅಬ್ಬಿಯೇ ತುಳುವಿನ ಅರ್ಬಿ.) ಮೇಲಿನಿಂದ ನಿಂತವರಿಗೆ ಧುಮುಕುವ ನೀರು ಪೂರ್ತಿ ಕಾಣಿಸುವುದೇ ಇಲ್ಲ. ಕಾಣಿಸುವುದಿಲ್ಲ ಎಂಬ ಕಾರಣಕ್ಕೇ ಜನ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ.

ಆ ಅಂಚು ಮಹಡಿಯ ಅಂಚಿನ ಹಾಗೆ ಇರುವುದಿಲ್ಲ. ಮಹಡಿಯ ಅಂಚು ಕಣ್ಣಿಗೆ ಗೆರೆ ಎಳೆದಂತೆ ಕಾಣುತ್ತದೆ. ಜಲಪಾತದ ತಲೆಯ ಬಂಡೆಯನ್ನು ಸಾವಿರಾರು ವರ್ಷಗಳ ನೀರು ಆನೆಯ ಬೆನ್ನಿನಂತೆ ದುಂಡಗೆ ಸವೆಸಿರುತ್ತದೆ. ಮೊದಲ ಹೆಜ್ಜೆಯಲ್ಲಿ ಬಂಡೆ ಸಮತಟ್ಟು, ಎರಡನೆಯದರಲ್ಲಿ ಸ್ವಲ್ಪ ಇಳಿಜಾರು, ಮೂರನೆಯದರಲ್ಲಿ ಇನ್ನಷ್ಟು. ಎಲ್ಲಿಗೆ ನಿಲ್ಲಬೇಕು ಎಂದು ಹೇಳುವ ಗೆರೆಯೇ ಇಲ್ಲ. ಒಂದು ಹಂತ ದಾಟಿದ ಮೇಲೆ ಜಾರಿದರೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಪಕ್ಕದ ಹುಲ್ಲಿನ ಅಂಚೂ ಮೋಸದ್ದೇ: ಹುಲ್ಲು ಬಂಡೆಯಿಂದ ಹೊರಗೆ ಚಾಚಿಕೊಂಡಿರುತ್ತದೆ, ಕೆಳಗೆ ನೆಲ ಇರುವುದಿಲ್ಲ. ಹಾಗಾಗಿ ಬಂಡೆ ಇಳಿಜಾರಾಗಲು ಶುರುವಾಗುವ ಜಾಗದಿಂದ ಹತ್ತು ಹೆಜ್ಜೆ ಹಿಂದೆಯೇ ನಿಲ್ಲಿ. ಫೋಟೊ ತೆಗೆಯುವವರು, ತೆಗೆಸಿಕೊಳ್ಳುವವರು ಇಬ್ಬರೂ ನಿಲ್ಲಿ. ಫೋಟೊ ತೆಗೆಯುವವರು ಹಿಂದೆ ಹಿಂದೆ ಹೆಜ್ಜೆ ಇಡುವುದು ಎಲ್ಲರೂ ಮರೆಯುವ ಅಪಾಯ.

ಬಂಡೆಯ ಬಣ್ಣ ಓದುವುದನ್ನು ಕಲಿತುಕೊಳ್ಳಿ. ಕಪ್ಪು ಪಟ್ಟಿ ಕಂಡರೆ ಅಲ್ಲಿ ನೀರು ಜಿನುಗುತ್ತಿತ್ತು ಎಂದರ್ಥ. ಅದು ಒಣಗಿದ ಪಾಚಿ. ಬಿಸಿಲಿನಲ್ಲಿ ಅದರ ಮೇಲೆ ಕಾಲು ಚೆನ್ನಾಗಿಯೇ ನಿಲ್ಲುತ್ತದೆ, ನಾಲ್ಕು ಹನಿ ಬಿದ್ದ ಕೂಡಲೇ ಸಾಬೂನಾಗುತ್ತದೆ. ಹೋಗುವಾಗ ಸಲೀಸಾಗಿ ದಾಟಿದ ಜಾಗದಲ್ಲೇ ಬರುವಾಗ ಬೀಳುವುದು ಇದಕ್ಕೇ. ಬಿಳಿಚಿಕೊಂಡ, ಉಪ್ಪುಕಾಗದದಂತೆ ಒರಟಾದ ಕಲ್ಲು ಒದ್ದೆಯಾದರೂ ಹಿಡಿತ ಕೊಡುತ್ತದೆ. ಸಿಪ್ಪೆ ಹೋದ ಬೇರಿನ ಮೇಲೆ ಕಾಲಿಡಬೇಡಿ, ದಾಟಿ ಇಡಿ. ಬೂಟಿನ ಬೆಲೆಗಿಂತ ಅಡಿಯ ರಬ್ಬರ್ ಮುಖ್ಯ: ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು, ಕಚ್ಚುಗಳು ಆಳವಾಗಿರಬೇಕು. ಗಟ್ಟಿ ಪ್ಲಾಸ್ಟಿಕ್ ಅಡಿಯದ್ದು, ಸವೆದ ಓಟದ ಬೂಟು, ಚಪ್ಪಲಿ ಬೇಡ. ಹೊಸ ಬೂಟನ್ನು ಅಂದೇ ಮೊದಲು ಹಾಕಬೇಡಿ, ಎರಡು ವಾರ ಮೊದಲಿಂದ ಹಾಕಿ ಓಡಾಡಿ.

ಈಗ ಈಜಿನ ಮಾತು. ನಿಮ್ಮ ತಮ್ಮನ ಗೆಳೆಯರು ಒಳ್ಳೆಯ ಈಜುಗಾರರು ಎಂಬುದನ್ನು ನಂಬುತ್ತೇನೆ, ಆದರೆ ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಜಲಪಾತದ ತಲೆಯ ಮೇಲಿನ ಹಳ್ಳದಲ್ಲಿ ಈಜಲು ಬೇಕಾದಷ್ಟು ಆಳವೇ ಇರುವುದಿಲ್ಲ. ಮೊಣಕಾಲುದ್ದದ ನೀರು ಕಾಲು ತಪ್ಪಿಸುತ್ತದೆ, ನುಣುಪಾದ ಬಂಡೆಯ ಮೇಲೆ ಎಳೆದುಕೊಂಡು ಹೋಗುತ್ತದೆ. ಅಂಚು ಹತ್ತಿರವಾದಷ್ಟೂ ನೀರಿನ ವೇಗ ಹೆಚ್ಚುತ್ತದೆ. ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಯಾವ ಹಳ್ಳಕ್ಕೆ ಇಳಿಯುವ ಮುನ್ನವೂ ಕೆಳಗಡೆ ನೋಡಿ ಕೇಳಿಕೊಳ್ಳಬೇಕಾದ್ದು ಒಂದೇ: ಬಿದ್ದರೆ ಈ ನೀರು ನನ್ನನ್ನು ಎಲ್ಲಿಗೆ ಒಯ್ಯುತ್ತದೆ? ಉತ್ತರ ಮರಳಿನ ದಿಬ್ಬವೋ ಆಳವಿಲ್ಲದ ಮಡುವೋ ಆಗಿದ್ದರೆ ಸರಿ. ಬಂಡಾಜೆಯಲ್ಲಿ ಉತ್ತರ 200 ಅಡಿ. ಕಾಲು ತೊಳೆಯಬೇಕೆಂದರೆ ಹರಿವಿಗೆ ಇಳಿಯದೆ, ಅಂಚಿನಿಂದ ಬಹಳ ಮೇಲಕ್ಕೆ ಹೋಗಿ, ದಡದಲ್ಲಿ ಕೂತು ಬಾಟಲಿಯಲ್ಲಿ ನೀರು ತೆಗೆದು ತೊಳೆಯಿರಿ.

ಬುಡದ ಗುಂಡಿಯಲ್ಲಾದರೂ ಈಜಬಹುದಲ್ಲ ಎಂಬ ಪ್ರಶ್ನೆ ಮುಂದೆ ಯಾವಾಗಲಾದರೂ ಬರುತ್ತದೆ, ಅದಕ್ಕೂ ಇಲ್ಲೇ ಹೇಳಿಬಿಡುತ್ತೇನೆ. ನೀರು ಬೀಳುವ ಜಾಗದಲ್ಲಿ ಗುಂಡಿಯ ನೀರಿಗೆ ಗಾಳಿ ಬೆರೆತು ಬೆಳ್ಳನೆ ನೊರೆಯಾಗಿರುತ್ತದೆ. ಗಾಳಿ ಬೆರೆತ ನೀರು ಹಗುರ, ಅದು ಮನುಷ್ಯನನ್ನು ತೇಲಿಸುವುದಿಲ್ಲ. ಬಿದ್ದ ನೀರು ತಳಕ್ಕೆ ಹೋಗಿ ಮೇಲೆದ್ದು ಮತ್ತೆ ಧಾರೆಯ ಕಡೆಗೇ ತಿರುಗುವುದುಂಟು, ಸಿಕ್ಕಿಕೊಂಡವರನ್ನು ಅದು ಬಿಡದೆ ಸುತ್ತಿಸುತ್ತದೆ. ತಳದ ಬಂಡೆಗಳ ಅಡಿ ಪೊಟರೆಗಳಿರುತ್ತವೆ, ಮಳೆಗಾಲದಲ್ಲಿ ಉರುಳಿ ಬಂದ ಮರದ ದಿಮ್ಮಿಗಳಿರುತ್ತವೆ. ಬಾವಿಯಲ್ಲಿ, ಕೆರೆಯಲ್ಲಿ, ಈಜುಕೊಳದಲ್ಲಿ ಕಲಿತ ಈಜಿಗೆ ಇವು ಯಾವುವೂ ಎದುರಾಗಿರುವುದಿಲ್ಲ.

“ಇಲ್ಲಿ ಬಿಸಿಲಿದೆ, ನೀರು ಏರುವುದಿಲ್ಲ” ಎಂಬುದು ಇನ್ನೊಂದು ದೊಡ್ಡ ತಪ್ಪು ನಂಬಿಕೆ. ಹಳ್ಳಕ್ಕೆ ನೀರು ಬರುವುದು ನೀವು ನಿಂತ ಜಾಗದ ಮಳೆಯಿಂದಲ್ಲ, ಮೇಲಿನ ಇಡೀ ಗುಡ್ಡದ ಮಳೆಯಿಂದ. ಒಂದು ಲೆಕ್ಕ ಹಾಕಿ: 5 ಚದರ ಕಿ.ಮೀ. ಜಾಗದಲ್ಲಿ 10 ಮಿ.ಮೀ. ಮಳೆ ಸುರಿದರೆ ಅದು 5 ಕೋಟಿ ಲೀಟರ್ ನೀರು. ಸೆಪ್ಟೆಂಬರ್ ಕೊನೆಗೆ ನೆಲ ನಾಲ್ಕು ತಿಂಗಳ ಮಳೆ ಕುಡಿದು ಇನ್ನು ಹಿಡಿಯಲಾರದ ಸ್ಥಿತಿಯಲ್ಲಿರುತ್ತದೆ. ಅರ್ಧ ನೀರು ಒಂದು ಗಂಟೆಯಲ್ಲಿ ಹರಿದು ಬಂದರೂ ಸೆಕೆಂಡಿಗೆ ಸುಮಾರು 7,000 ಲೀಟರ್. ಹೋಗುವಾಗ ಹಿಮ್ಮಡಿ ಮುಳುಗುವಷ್ಟಿದ್ದ ಹಳ್ಳ ಬರುವಾಗ ಸೊಂಟಕ್ಕೆ ಬರುವುದು ಹೀಗೆ. ತಿಳಿನೀರು ಕೆಂಪಾಗತೊಡಗುವುದು, ತರಗೆಲೆ ಕಡ್ಡಿಗಳು ತೇಲಿ ಬರುವುದು, ಸದ್ದು ಬದಲಾಗುವುದು, ಇವು ಮುನ್ಸೂಚನೆಗಳು. ಹಳ್ಳದ ಬದಿ ಕೂರುವಾಗ ನೀರಿನ ಅಂಚಿನ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ಅದು ಮುಳುಗಿತೆಂದರೆ ಚೀಲ ಕಟ್ಟುವುದನ್ನೂ ಬಿಟ್ಟು ಮೇಲಕ್ಕೆ ನಡೆಯಿರಿ.

ದಾರಿಯಲ್ಲಿ ಹಳ್ಳ ದಾಟಬೇಕಾಗಿ ಬಂದು ಅದು ತುಂಬಿದ್ದರೆ ಒಂದು ಎಲೆ ಎಸೆದು ನೋಡಿ. ನೀವು ನಡೆಯುವ ವೇಗಕ್ಕಿಂತ ಜೋರಾಗಿ ಎಲೆ ಹೋದರೆ, ಅಥವಾ ನೀರು ಮೊಣಕಾಲು ಮೀರಿದರೆ, ದಾಟಬೇಡಿ. ಕಾಯಿರಿ. ಮಳೆ ನಿಂತ ಮೇಲೆ ಸಣ್ಣ ಹಳ್ಳಗಳು ಒಂದೆರಡು ಗಂಟೆಯಲ್ಲಿ ಬಹಳಷ್ಟು ಇಳಿಯುತ್ತವೆ. ದಾಟುವುದಾದರೆ ಚೀಲದ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿರಿ, ಬೂಟು ಕಳಚಬೇಡಿ, ನೀರು ಬರುವ ದಿಕ್ಕಿಗೆ ಮುಖ ಮಾಡಿ, ಕೋಲು ಮುಂದೆ ಊರಿ, ಒಮ್ಮೆಗೆ ಒಂದೇ ಕಾಲು ಎತ್ತಿ ಅಡ್ಡಡ್ಡ ಸರಿಯಿರಿ. ಮೂವರು ಹೆಗಲು ಹಿಡಿದು ವೃತ್ತವಾಗಿ ನಿಂತು ದಾಟುವುದು ಒಬ್ಬೊಬ್ಬರೇ ದಾಟುವುದಕ್ಕಿಂತ ಮೇಲು. ಸೊಂಟಕ್ಕೆ ಹಗ್ಗ ಬಿಗಿದು ಇಳಿಯುವುದನ್ನು ಮಾತ್ರ ಎಂದೂ ಮಾಡಬೇಡಿ. ಬಿದ್ದವರನ್ನು ಹಗ್ಗ ಒಂದೇ ಜಾಗದಲ್ಲಿ ಹಿಡಿದು ನಿಲ್ಲಿಸುತ್ತದೆ, ಹರಿವು ತಲೆಯನ್ನು ನೀರೊಳಗೆ ಒತ್ತುತ್ತದೆ.

ಇನ್ನು ಹೊತ್ತಿನ ಲೆಕ್ಕ. ಈ ದಾರಿಯ ವಿಶೇಷವೇನೆಂದರೆ, ಮೊದಲು ಸುಮಾರು 1,500 ಮೀಟರ್ ಎತ್ತರದ ಕೋಟೆಯ ಕಡೆಗೆ ಏರುತ್ತೀರಿ, ಆಮೇಲೆ ಹುಲ್ಲುಗಾವಲಿನಲ್ಲಿ ಜಲಪಾತಕ್ಕೆ ಇಳಿಯುತ್ತೀರಿ. ಹಾಗಾಗಿ ದಣಿದ ಕಾಲಿಗೆ ಹಿಂತಿರುಗುವಾಗ ಮತ್ತೊಂದು ಏರು ಕಾದಿರುತ್ತದೆ. “ಹೋಗುವುದೇ ಕಷ್ಟ, ಬರುವುದು ಸಲೀಸು” ಎಂಬ ಗುಡ್ಡದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹೋಗಿ ಬರಲು ಸುಮಾರು 12ರಿಂದ 14 ಕಿ.ಮೀ. ಒದ್ದೆ ನೆಲದಲ್ಲಿ, ಹಿರಿಯರೊಬ್ಬರು ಇರುವ ಗುಂಪಿಗೆ ಗಂಟೆಗೆ 2 ಕಿ.ಮೀ. ಎಂದೇ ಹಿಡಿಯಿರಿ. ಆರರಿಂದ ಏಳು ಗಂಟೆ ನಡಿಗೆ, ಒಂದೂವರೆ ಗಂಟೆ ಊಟ ವಿಶ್ರಾಂತಿ. ಬೆಳಿಗ್ಗೆ 7ಕ್ಕೆ ಹೊರಟರೆ ಮೂರೂವರೆಯೊಳಗೆ ಕೆಳಗಿರುತ್ತೀರಿ. 10 ಗಂಟೆಗೆ ಹೊರಟರೆ ಆರೂವರೆ, ಅಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ, ಮರಗಳ ಕೆಳಗೆ ಅದಕ್ಕೂ ಮುಂಚೆಯೇ ಕತ್ತಲು. ಜಲಪಾತ ಕಾಣಲಿ ಬಿಡಲಿ, 12 ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ. ಈ ಗಂಟೆಯನ್ನು ಮನೆಯಲ್ಲೇ ಐದೂ ಜನ ಒಪ್ಪಿಕೊಂಡು ಹೊರಡಬೇಕು, ಮೇಲೆ ಹೋದ ಮೇಲೆ ಯಾರೂ ಒಪ್ಪುವುದಿಲ್ಲ.

ಬೇಗ ಇಳಿಯಲು ಇನ್ನೊಂದು ಕಾರಣ ಸಿಡಿಲು. ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ಇದ್ದು ಮಧ್ಯಾಹ್ನ ಗುಡುಗು ಕಟ್ಟಿಕೊಳ್ಳುವುದು ಸಾಮಾನ್ಯ. ಕೋಟೆ ಇರುವ ಗುಡ್ಡದ ನೆತ್ತಿ, ಅದರ ಸುತ್ತಲಿನ ಬೋಳು ಹುಲ್ಲುಗಾವಲು ಸಿಡಿಲಿಗೆ ಅತಿ ಕೆಟ್ಟ ಜಾಗ. ಗುಡುಗು ಕಿವಿಗೆ ಬಿದ್ದ ತಕ್ಷಣ ನೆತ್ತಿಯಿಂದ ಇಳಿಯಿರಿ, ಒಂಟಿ ಮರದ ಕೆಳಗೂ ಕೋಟೆಗೋಡೆಗೆ ಒರಗಿಯೂ ನಿಲ್ಲಬೇಡಿ, ಗುಂಪಾಗಿ ಒತ್ತೊತ್ತಾಗಿ ಇರಬೇಡಿ. ಮಂಜು ಮುಸುಕಿದರೆ ಹುಲ್ಲುಗಾವಲಿನಲ್ಲಿ ದನದ ದಾರಿ, ಕಾಟಿಯ (ಕಾಡುಕೋಣದ) ದಾರಿ, ಚಾರಣದ ದಾರಿ ಎಲ್ಲ ಒಂದೇ ತರಹ ಕಾಣುತ್ತವೆ. ಕವಲಿನಲ್ಲಿ ಹಿಂತಿರುಗಿ ನಿಂತು ಒಂದು ಫೋಟೊ ತೆಗೆದುಕೊಳ್ಳುತ್ತಾ ಹೋಗಿ. ಬರುವಾಗ ಆ ಜಾಗ ಹೇಗೆ ಕಾಣುತ್ತದೋ ಅದೇ ಫೋಟೊದಲ್ಲಿ ಇರುತ್ತದೆ.

ಇಂಬಳಕ್ಕೆ ಬರೋಣ. ಅದು ಕಚ್ಚುವಾಗ ನೋವಾಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಹಿರುಡಿನ್ ಎಂಬ ದ್ರವ್ಯ ಬಿಡುತ್ತದೆ. ಅದು ಉದುರಿದ ಮೇಲೂ ಗಂಟೆಗಟ್ಟಲೆ ರಕ್ತ ಸೋರುವುದು ಇದರಿಂದ. ನೋಡಲು ಗಾಬರಿ, ಹೋಗುವ ರಕ್ತ ಸ್ವಲ್ಪವೇ. ಕಿಲೋಗಟ್ಟಲೆ ಉಪ್ಪು ಹೊರುವುದು ಬೇಡ. ಬೂಟಿಗೆ ಸವರಿದ ಉಪ್ಪು ಮೊದಲ ಒದ್ದೆ ಹುಲ್ಲಿನಲ್ಲೇ ತೊಳೆದುಹೋಗುತ್ತದೆ. ಕಚ್ಚಿದ ಇಂಬಳಕ್ಕೆ ಉಪ್ಪು, ಬೆಂಕಿ, ಸುಣ್ಣ ಹಾಕಿದರೆ ಅದು ಹೊಟ್ಟೆಯಲ್ಲಿರುವುದನ್ನು ಗಾಯಕ್ಕೆ ಕಾರಬಹುದು, ಆಗ ಗಾಯ ಕೀವಾಗುವ ಸಾಧ್ಯತೆ ಹೆಚ್ಚು. ಉಗುರನ್ನು ಅದರ ಸಣ್ಣ ತುದಿಯ ಬಾಯಿಯ ಅಡಿಗೆ ಜಾರಿಸಿ ಬಿಡಿಸಿ, ಆಮೇಲೆ ದಪ್ಪ ತುದಿ, ನಂತರ ಸಾಬೂನಿನಿಂದ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ತಡೆಗೆ ಅತ್ಯುತ್ತಮವಾದದ್ದು ಮೊಣಕಾಲವರೆಗೆ ಬರುವ ದಟ್ಟ ನೇಯ್ಗೆಯ ಹತ್ತಿಯ ಇಂಬಳದ ಕಾಲುಚೀಲ. ಪ್ಯಾಂಟನ್ನು ಅದರೊಳಗೆ ಸೇರಿಸಿ ಮೇಲೆ ಬಿಗಿಯಬೇಕು. ಅದರ ಹೊರಮೈಗೆ ಒಣ ಸಾಬೂನು ಉಜ್ಜಿದರೂ, ಮಲೆನಾಡಿನವರು ಮಾಡುವಂತೆ ಹೊಗೆಸೊಪ್ಪಿನ ನೀರು ಹಚ್ಚಿದರೂ ಸ್ವಲ್ಪ ಹೊತ್ತು ತಡೆಯುತ್ತದೆ. ಚಿಕ್ಕಪ್ಪನ ವಿಷಯದಲ್ಲಿ ಮಾತ್ರ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಾತ್ರೆಯ ಮೇಲೆ ಹಿರುಡಿನ್ ಸೇರಿದರೆ ರಕ್ತ ನಿಲ್ಲಲು ಇನ್ನೂ ಹೊತ್ತು ಬೇಕು, ಬಿದ್ದು ಪೆಟ್ಟಾದರೆ, ಅದರಲ್ಲೂ ತಲೆಗೆ, ಇನ್ನೂ ಅಪಾಯ. ಹಾಗಂತ ಚಾರಣಕ್ಕಾಗಿ ಮಾತ್ರೆ ನಿಲ್ಲಿಸುವ ಯೋಚನೆಯನ್ನು ಖಂಡಿತ ಮಾಡಬೇಡಿ, ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟುವುದು ಇಂಬಳಕ್ಕಿಂತ ನೂರು ಪಾಲು ಕೆಟ್ಟದ್ದು.

ಹಾವುಗಳಲ್ಲಿ ಈ ಕಾಲಕ್ಕೆ ಹಳ್ಳದ ಬದಿಯ ಕಲ್ಲು, ತಗ್ಗಿನ ಕೊಂಬೆಗಳ ಮೇಲೆ ಕಾಣಸಿಗುವುದು ಗುಳಿಮಂಡಲ. ಅದು ಅಲುಗಾಡದೆ ಕೂತಿರುತ್ತದೆ, ಬಣ್ಣ ಎಲೆಯಲ್ಲೇ ಬೆರೆತಿರುತ್ತದೆ. ಕಣ್ಣು ಹಾಯದ ಕಡೆ ಕೈ ಹಾಕಬಾರದು, ಹತ್ತುವಾಗ ಕೊಂಬೆ ಹಿಡಿಯುವ ಮೊದಲು ನೋಡಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ, ಗುಳಿಮಂಡಲಕ್ಕಲ್ಲ. ಆದರೂ ಯಾವ ಹಾವು ಕಚ್ಚಿದರೂ ಆಸ್ಪತ್ರೆಗೇ ಹೋಗಬೇಕು, ಏಕೆಂದರೆ ರಕ್ತಸ್ರಾವ, ಮೂತ್ರಪಿಂಡದ ತೊಂದರೆಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಉಂಗುರ, ಗಡಿಯಾರ ತೆಗೆಯಿರಿ, ಕಚ್ಚಿದ ಕೈಕಾಲಿಗೆ ಕೋಲು ಕಟ್ಟಿ ಅಲುಗಾಡದಂತೆ ಮಾಡಿ, ಆದಷ್ಟೂ ನಡೆಸದೆ ಎತ್ತಿಕೊಂಡು ತನ್ನಿ. ಬಿಗಿದು ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಬೇಡ.

ಮಂಗನ ಕಾಯಿಲೆಯ ಬಗ್ಗೆ ಮನೆಯವರಿಗೆ ಸಮಾಧಾನ ಹೇಳಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಈ ರೋಗವನ್ನು ಹರಡುವುದು ಉಣುಗಿನ ಮರಿಗಳು. ಅವುಗಳ ಕಾಲ ಮುಖ್ಯವಾಗಿ ಡಿಸೆಂಬರ್‌ನಿಂದ ಮೇ. ನೀವು ಹೋಗುವ ತಿಂಗಳಲ್ಲಿ ಇಂಬಳ ಹೆಚ್ಚು, ಉಣುಗು ಕಡಿಮೆ. ದಿನಾಂಕವನ್ನು ಮುಂದಕ್ಕೆ ಹಾಕಿದರೆ ಇದು ತಿರುಗುಮುರುಗಾಗುತ್ತದೆ. ಆಗ ಆರೋಗ್ಯ ಇಲಾಖೆ ಮಲೆನಾಡಿನಲ್ಲಿ ಹಂಚುವಂಥ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿ, ಮನೆಗೆ ಬಂದು ಬಿಸಿನೀರಿನ ಸ್ನಾನ ಮಾಡಿ, ಮೈಯೆಲ್ಲ ಹುಡುಕಿ. ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋದದ್ದನ್ನು ಹೇಳಿ.

ವಳಂಬ್ರ ದಾರಿಗೆ ನನ್ನ ಉತ್ತರ: ಬೇಡ. ಕೆಳಗಿನಿಂದ ಏರುವ ಆ ದಾರಿ ದಟ್ಟ ಕಾಡಿನದು, ಕಡಿದಾದದ್ದು, ಚಾರ್ಮಾಡಿ ತಪ್ಪಲಿನಲ್ಲಿ ಆನೆಗಳ ಓಡಾಟವಿದೆ. ಅನುಮತಿಯಿಲ್ಲದೆ ಸಂರಕ್ಷಿತ ಕಾಡಿಗೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ದಂಡಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ: ನೀವು ಒಳಗಿದ್ದೀರಿ ಎಂಬುದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ, ಕಾಣೆಯಾದರೆ ಹುಡುಕುವವರಿಗೆ ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯುವುದಿಲ್ಲ. ಜೊತೆಗೆ ಬಂದ ಊರಿನವರ ಮೇಲೂ ಮೊಕದ್ದಮೆ ಬೀಳುತ್ತದೆ, ಅವರು ಅದೇ ಕಾಡಿನ ಅಂಚಿನಲ್ಲಿ ಬದುಕಬೇಕಾದವರು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಿ. ಮಳೆ ಜೋರಿದ್ದಾಗಲೂ, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೂ ಚಾರಣ ಮುಚ್ಚುವುದುಂಟು. ಮುಚ್ಚಿದ್ದರೆ ಆ ದಿನ ಅದು ನಡೆಯುವ ದಾರಿಯಲ್ಲ ಎಂದೇ ತಿಳಿಯಿರಿ.

ಹಾಗಾದರೆ ಏನು ಮಾಡಬಹುದು? ನನಗೆ ಸರಿ ಕಾಣುವುದು ದಿನಾಂಕವನ್ನು ನವೆಂಬರ್ ಮಧ್ಯಕ್ಕೆ ಹಾಕುವುದು. ನೀರು ಇನ್ನೂ ಚೆನ್ನಾಗಿರುತ್ತದೆ, ಬಂಡೆ ಒಣಗಿರುತ್ತದೆ, ಗುಡುಗು ಇಂಬಳ ಎರಡೂ ಕಡಿಮೆಯಾಗಿರುತ್ತವೆ. ಫೆಬ್ರುವರಿ ತನಕ ಬಿಟ್ಟರೆ ಧಾರೆ ಬಡಕಲಾಗುತ್ತದೆ. ಸೆಪ್ಟೆಂಬರ್‌ನಲ್ಲೇ ಹೋಗಬೇಕೆಂದಿದ್ದರೆ, ಹವಾಮಾನ ಇಲಾಖೆ ಚಿಕ್ಕಮಗಳೂರು ಅಥವಾ ದಕ್ಷಿಣ ಕನ್ನಡಕ್ಕೆ ಹಳದಿ ಎಚ್ಚರಿಕೆ ಕೊಟ್ಟ ದಿನವೂ ಬೇಡ, ಕಿತ್ತಳೆ ಕೆಂಪಿನ ಮಾತೇ ಇಲ್ಲ.

ಚಿಕ್ಕಪ್ಪ ಬರಬಹುದೇ ಎಂಬುದನ್ನು ಅವರ ಹೃದ್ರೋಗ ತಜ್ಞರು ಹೇಳಬೇಕು. ಸಪಾಟು ರಸ್ತೆಯ 4 ಕಿ.ಮೀ. ನಡಿಗೆ ಏರುದಾರಿಗೆ ಪರೀಕ್ಷೆಯಲ್ಲ. ವೈದ್ಯರು ಒಪ್ಪಿದರೆ, ನಿಮ್ಮ ಜಿಲ್ಲೆಯಲ್ಲೇ ಇರುವ ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು, ಸುಮಾರು 650 ಮೆಟ್ಟಿಲು, ಒಂದೇ ಬೆಳಿಗ್ಗೆ ಎರಡು ಸಲ ಹತ್ತಿಳಿದು ನೋಡಲಿ. ಎದೆ ಬಿಗಿಯಿತು, ಮಾತಾಡಲಾಗದಷ್ಟು ಏದುಸಿರು ಬಂತು ಎಂದಾದರೆ ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ಸಲೀಸಾಗಿ ಆದರೂ ಅವರು ಕೋಟೆಯವರೆಗೆ ಬಂದು ಅಲ್ಲಿಂದ ಒಬ್ಬರ ಜೊತೆ ಹಿಂತಿರುಗುವುದೇ ಒಳ್ಳೆಯದು, ಏಕೆಂದರೆ ಎರಡನೇ ಏರು ಶುರುವಾಗುವುದು ಕೋಟೆಯಿಂದ ಆಚೆಗೆ ಇಳಿದ ಮೇಲೆ. ಅಥವಾ ಎಲ್ಲರೂ ಸೇರಿ ಮೆಟ್ಟಿಲಿರುವ ಜಲಪಾತಕ್ಕೆ ಹೋಗಬಹುದು: ಶೃಂಗೇರಿ ಬಳಿ ಕಿಗ್ಗದ ಸಿರಿಮನೆ, ಕೊಡಗಿನ ಇರ್ಪು.

ಚೀಲದಲ್ಲಿ ತಲಾ 2ರಿಂದ 3 ಲೀಟರ್ ನೀರು, ನಾಲ್ಕು ಓ.ಆರ್.ಎಸ್. ಪೊಟ್ಟಣ, ಒಣ ಅಂಗಿಯೊಂದು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮಳೆ ಅಂಗಿ (ಆ ಗಾಳಿಗೆ ಛತ್ರಿ ನಿಲ್ಲುವುದಿಲ್ಲ), ತಲೆಗೆ ಕಟ್ಟುವ ಟಾರ್ಚು, ಸೀಟಿ, ಅಗಲದ ಬ್ಯಾಂಡೇಜು ಎರಡು. ಜೀನ್ಸ್ ಹಾಕಬೇಡಿ, ಒದ್ದೆಯಾದರೆ ಒಣಗುವುದಿಲ್ಲ. ಹುಲ್ಲುಗಾವಲಿನ ಗಾಳಿಗೆ ಒದ್ದೆ ಬಟ್ಟೆಯಲ್ಲಿ ನಡುಕ ಹತ್ತಿ ಮಾತು ತೊದಲತೊಡಗಿದವರಿಗೆ ತಕ್ಷಣ ಬಟ್ಟೆ ಬದಲಿಸಿ, ಸಿಹಿ ತಿನ್ನಿಸಿ, ಕೆಳಗಿಳಿಸಿ. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಮೇಲೆ ದನ, ಕಾಟಿ ಓಡಾಡುವ ಜಾಗ. ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ದಾರಿಯ ಬಹುಭಾಗದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಗುಡ್ಡದ ನೆತ್ತಿಯಲ್ಲಿ ಒಂದು ಗೆರೆ ಸಿಕ್ಕಿದರೆ ಕರೆ ಹೋಗದಿದ್ದರೂ ಎಸ್ಸೆಮ್ಮೆಸ್ ಹೋಗಬಹುದು, ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112 ಬೇರೆ ಕಂಪನಿಯ ಗೋಪುರದಿಂದ ಸೇರಬಹುದು. ಆಂಬುಲೆನ್ಸ್‌ಗೆ 108, ಅರಣ್ಯ ಇಲಾಖೆಯ ಸಹಾಯವಾಣಿ 1926. ಇವಕ್ಕಿಂತ ಮುಖ್ಯವಾದದ್ದು ಹಿಂದಿನ ರಾತ್ರಿ ಮಾಡುವ ಕೆಲಸ: ಐವರ ಹೆಸರು, ದಾರಿ, ಕಾರಿನ ನಂಬರು, ಎಲ್ಲಿ ನಿಲ್ಲಿಸುತ್ತೀರಿ, ತಿರುಗುವ ಗಂಟೆ 12 ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯಲ್ಲೊಂದು ಪ್ರತಿ, ಊರಿನಲ್ಲಿ ನೀವು ಉಳಿದ ಮನೆಯವರಿಗೊಂದು ಪ್ರತಿ ಕೊಡಿ. ಸಂಜೆ 6ರೊಳಗೆ ನಿಮ್ಮ ಕರೆ ಬಾರದಿದ್ದರೆ ಕಾಯುತ್ತಾ ಕೂರದೆ 112ಕ್ಕೆ ಹೇಳಬೇಕೆಂದು ಅದೇ ಹಾಳೆಯ ಕೊನೆಗೆ ಬರೆದಿಡಿ.